ಪಕ್ಕದ ಮನೆಯ ಅಲ್ಟ್ರಾಸಾನಿಕ್ ಪೆಟ್ಟಿಗೆ: ನಿಮಗೆ ಕೇಳಿಸದ್ದು ಮಗಳಿಗೆ ಕೇಳಿಸುತ್ತಿರಬಹುದು

ಪ್ರಶ್ನೆ: ಬೆಕ್ಕು, ಬೀದಿ ನಾಯಿ ಒಳಗೆ ಬರಬಾರದು ಅಂತ ನಮ್ಮ ಪಕ್ಕದ ಮನೆಯವರು ಕಾಂಪೌಂಡ್ ಗೋಡೆಗೆ ಒಂದು ಅಲ್ಟ್ರಾಸಾನಿಕ್ ಉಪಕರಣ ಹಾಕಿಸಿದ್ದಾರೆ. ಅಂದಿನಿಂದ ನಮ್ಮ ನಾಯಿ ಆ ಕಡೆಯ ಅಂಗಳಕ್ಕೆ ಕಾಲಿಡುತ್ತಿಲ್ಲ. ಒಂಬತ್ತು ವರ್ಷದ ಮಗಳು "ಅಲ್ಲಿ ಕೀ ಅಂತ ಸದ್ದು ಬರುತ್ತೆ" ಎಂದು ಕಿವಿ ಮುಚ್ಚಿಕೊಳ್ಳುತ್ತಾಳೆ. ನನಗೂ ನನ್ನ ಹೆಂಡತಿಗೂ ಏನೂ ಕೇಳಿಸುವುದಿಲ್ಲ. ಪಕ್ಕದವರನ್ನು ಕೇಳಿದರೆ, "ಇದು ಮನುಷ್ಯರಿಗೆ ಕೇಳಿಸೋದೇ ಇಲ್ಲ, ಡಬ್ಬದ ಮೇಲೆ ಬರೆದಿದೆ ನೋಡಿ" ಅನ್ನುತ್ತಾರೆ. ಮಗಳು ಸುಮ್ನೆ ಹೇಳುತ್ತಿದ್ದಾಳಾ? ಇದರಿಂದ ಹಾನಿ ಇದೆಯಾ? ಅಟ್ಟದ ಇಲಿಗಳಿಗೆ ನಾವೂ ಇಂಥದ್ದೊಂದು ತರೋಣ ಅಂದುಕೊಂಡಿದ್ದೆವು. ತರಬಹುದಾ?

ಉತ್ತರ: ಮೊದಲು ಮಗಳನ್ನು ನಂಬಿ. ಅವಳು ಹೇಳುತ್ತಿರುವುದು ನಿಜ ಇರುವ ಸಾಧ್ಯತೆಯೇ ಜಾಸ್ತಿ.

ಮನುಷ್ಯರ ಕಿವಿಗೆ 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗಿನ ಸದ್ದು ಕೇಳಿಸುತ್ತದೆ ಅಂತ ಶಾಲೆಯಲ್ಲಿ ಓದಿರುತ್ತೇವೆ. ಅದಕ್ಕೂ ಮೇಲಿನ ಕಂಪನಾಂಕದ ಸದ್ದಿಗೆ ಅಲ್ಟ್ರಾಸಾನಿಕ್ ಅನ್ನುತ್ತಾರೆ. ಆದರೆ ಆ 20ರ ಗಡಿ ಮಕ್ಕಳದ್ದು, ನಮ್ಮದಲ್ಲ. ವಯಸ್ಸಾದಂತೆ ಕಿವಿ ತೀರಾ ಕೀರಲು ಸದ್ದುಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತದೆ. ನಡುವಯಸ್ಸಿಗೆ ಬರುವಷ್ಟರಲ್ಲಿ ಹೆಚ್ಚಿನವರಿಗೆ 14–15 ಕಿಲೋಹರ್ಟ್ಜ್ ದಾಟಿದ್ದು ಕೇಳಿಸುವುದೇ ಇಲ್ಲ. ಮಾತು, ಸಂಗೀತ ಎಲ್ಲ ಅದಕ್ಕಿಂತ ಕೆಳಗೇ ನಡೆಯುವುದರಿಂದ ಕಳೆದುಕೊಂಡಿದ್ದು ಗೊತ್ತೂ ಆಗುವುದಿಲ್ಲ.

ಈ ವ್ಯತ್ಯಾಸವನ್ನೇ ಬಂಡವಾಳ ಮಾಡಿಕೊಂಡ ಉಪಕರಣವೊಂದಿದೆ. 2005ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಹೋವರ್ಡ್ ಸ್ಟೇಪಲ್ಟನ್ ಎಂಬುವರು 'ಮಸ್ಕಿಟೋ' ಹೆಸರಿನ ಪೆಟ್ಟಿಗೆ ತಂದರು. ಅಂಗಡಿ ಮುಂದೆ ಗುಂಪು ಕಟ್ಟುವ ಹುಡುಗರನ್ನು ಓಡಿಸುವುದು ಅದರ ಕೆಲಸ. ಅದು ಹೊರಡಿಸುವ ಸದ್ದು ಸುಮಾರು 17.4 ಕಿಲೋಹರ್ಟ್ಜ್. ಹರೆಯದವರಿಗೆ ತಡೆಯಲಾಗದ ಕಿರಿಕಿರಿ, ದೊಡ್ಡವರಿಗೆ ನಿಶ್ಶಬ್ದ. ಮುಂದೆ ಹುಡುಗರು ಅದೇ ಸದ್ದನ್ನು ಮೊಬೈಲ್ ರಿಂಗ್‌ಟೋನ್ ಮಾಡಿಕೊಂಡು, ಮೇಷ್ಟ್ರಿಗೆ ಕೇಳಿಸದ ಹಾಗೆ ತರಗತಿಯಲ್ಲೇ ಬಳಸಿದರು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಕೆಲಸಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಕೂಡ 2006ರಲ್ಲಿ ಇದಕ್ಕೆ ಸಿಕ್ಕಿತು, ಅದೂ ಶಾಂತಿ ವಿಭಾಗದಲ್ಲಿ!

ಈಗ ನಿಮ್ಮ ಪಕ್ಕದವರ ಪೆಟ್ಟಿಗೆ ನೋಡಿ. ಇಂಥ ಹೆಚ್ಚಿನ ಉಪಕರಣಗಳಲ್ಲಿ ಹಿಂದುಗಡೆ ಒಂದು ಗುಂಡಿ ಇರುತ್ತದೆ. ಇಲಿಗೆ ಇಷ್ಟು, ಬೆಕ್ಕಿಗೆ ಇಷ್ಟು, ನಾಯಿಗೆ ಇಷ್ಟು ಅಂತ ಬೇರೆ ಬೇರೆ ಕಂಪನಾಂಕಕ್ಕೆ ತಿರುಗಿಸಬಹುದು. ಹಲವು ಮಾದರಿಗಳಲ್ಲಿ ಕೆಳಗಿನ ಹಂತಗಳು 13–14 ಕಿಲೋಹರ್ಟ್ಜ್‌ನಿಂದಲೇ ಶುರು. ಅಂದರೆ ಡಬ್ಬದ ಮೇಲೆ ಅಲ್ಟ್ರಾಸಾನಿಕ್ ಅಂತ ಇದ್ದರೂ ಆ ಹಂತಗಳಲ್ಲಿ ಹೊರಬರುವುದು ಅಲ್ಟ್ರಾಸಾನಿಕ್ ಅಲ್ಲ. ಮಕ್ಕಳಿಗೆ ಚೆನ್ನಾಗಿ ಕೇಳಿಸುವ, ದೊಡ್ಡವರಲ್ಲಿ ಹಲವರಿಗೆ ಕೇಳಿಸದ ಸದ್ದು. ಪಕ್ಕದವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜಕ್ಕೂ ಕೇಳಿಸುತ್ತಿಲ್ಲ, ಅಷ್ಟೆ.

ಆದರೂ ನನ್ನ ಮಾತನ್ನು ಹಾಗೇ ಒಪ್ಪಬೇಕಿಲ್ಲ. ಮನೆಯಲ್ಲೇ ಪರೀಕ್ಷೆ ಮಾಡಲು ಎರಡು ದಾರಿ ಇವೆ.

ಮೊದಲನೆಯದು ಮೊಬೈಲ್. ಇವತ್ತಿನ ಫೋನುಗಳು ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆದು ದಾಖಲಿಸುತ್ತವೆ. ಹಾಗಾಗಿ ಲೆಕ್ಕದ ಪ್ರಕಾರ 24 ಕಿಲೋಹರ್ಟ್ಜ್‌ವರೆಗೆ ಹಿಡಿಯಬಹುದು. ಮೈಕ್ ಒಳ್ಳೆಯದಿದ್ದರೆ 20–22ರವರೆಗೆ ನಂಬಬಹುದು. ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಕಂಪನಾಂಕದ ಸದ್ದು ಎಷ್ಟಿದೆ ಅನ್ನುವ ಚಿತ್ರ, ತೋರಿಸುವ ಉಚಿತ ಆ್ಯಪ್ ಹಾಕಿಕೊಳ್ಳಿ. ಮಗಳು ಕಿವಿ ಮುಚ್ಚಿಕೊಳ್ಳುವ ಜಾಗದಲ್ಲಿ ಫೋನ್ ಹಿಡಿದು ನಿಲ್ಲಿ. ಉಪಕರಣ ಶುರುವಾದ ಕ್ಷಣ ಪರದೆಯ ಮೇಲ್ಭಾಗದಲ್ಲಿ ಒಂದು ಗೆರೆ ಹೊಳೆದರೆ, ಅದು ಎಷ್ಟು ಕಿಲೋಹರ್ಟ್ಜ್‌ನಲ್ಲಿದೆ ಅಂತ ಓದಿಕೊಳ್ಳಿ. ಕೆಲವು ಉಪಕರಣಗಳ ಸದ್ದು ಒಂದೇ ಕಡೆ ನಿಲ್ಲದೆ ಮೇಲೆ ಕೆಳಗೆ ಓಡಾಡುತ್ತದೆ. ಆಗ ಗೆರೆ ಓರೆಯಾಗಿ ಕಾಣುತ್ತದೆ. ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಏನೂ ಕಾಣದಿದ್ದರೆ ಸದ್ದೇ ಇಲ್ಲ ಅಂತ ಅರ್ಥವಲ್ಲ, 24ಕ್ಕಿಂತ ಮೇಲಿರಬಹುದು. ಅದನ್ನು ನೋಡಲು ಬಾವಲಿಗಳ ಸದ್ದು ಹಿಡಿಯುವ ಡಿಟೆಕ್ಟರ್ ಬೇಕಾಗುತ್ತದೆ.

ಎರಡನೆಯದು ನನಗೆ ಹೆಚ್ಚು ಇಷ್ಟ, ಯಾಕೆಂದರೆ ಅದರಲ್ಲಿ ಪಕ್ಕದವರೂ ಸೇರಿಕೊಳ್ಳುತ್ತಾರೆ. ಮಗಳನ್ನು ಉಪಕರಣದಿಂದ ಸಾಕಷ್ಟು ದೂರದಲ್ಲಿ, ಆದರೆ ಅವಳಿಗೆ ಕೇಳಿಸುತ್ತದೆ ಅನ್ನುವ ಜಾಗದಲ್ಲೇ, ಬೆನ್ನು ತಿರುಗಿಸಿ ಕೂರಿಸಿ. ಪಕ್ಕದವರು ಅವರಿಗೆ ತೋಚಿದಂತೆ ಒಮ್ಮೆ ಹಾಕಲಿ, ಒಮ್ಮೆ ಆರಿಸಲಿ. ಪ್ರತಿ ಸಲವೂ ಮಗಳು "ಇದೆ" ಅಥವಾ "ಇಲ್ಲ" ಅನ್ನಲಿ. ಸ್ವಿಚ್ಚಿನ ಟಕ್ ಸದ್ದು, ಮಿನುಗುವ ದೀಪ ಅವಳಿಗೆ ಸುಳಿವು ಕೊಡಬಾರದು. ನೀವೂ ಮುಖಭಾವ ತೋರಿಸಬೇಡಿ. ಸುಮ್ಮನೆ ಊಹಿಸಿ ಹತ್ತಕ್ಕೆ ಹತ್ತು ಸರಿ ಹೇಳುವ ಸಾಧ್ಯತೆ 1024ರಲ್ಲಿ ಒಂದು. ಮಗು ಹತ್ತೂ ಸರಿ ಹೇಳಿದ ಮೇಲೆ ಡಬ್ಬದ ಬರಹ ತೋರಿಸಿ ವಾದ ಮಾಡುವವರು ಕಡಿಮೆ. ಒಂದು ಎಚ್ಚರಿಕೆ: ಉಪಕರಣದ ಎದುರಿಗೇ, ಒಂದೆರಡು ಅಡಿ ದೂರದಲ್ಲಿ ಮಗುವನ್ನು ನಿಲ್ಲಿಸಬೇಡಿ.

ಯಾಕೆ ಅಂದರೆ ಈ ಪೆಟ್ಟಿಗೆಗಳು ಜೋರಾಗಿಯೇ ಕೂಗುತ್ತವೆ. ಒಂದು ಮೀಟರ್ ದೂರದಲ್ಲಿ 100–110 ಡೆಸಿಬೆಲ್ ಅಂತ ಹೇಳಿಕೊಳ್ಳುವ ಮಾದರಿಗಳು ಸಾಮಾನ್ಯ. ಆ ಸದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದೇ ನಿಮ್ಮ ಇಡೀ ಸಮಸ್ಯೆಯ ಹೂರಣ. ಸ್ವಲ್ಪ ಲೆಕ್ಕ ನೋಡೋಣ.

ಸದ್ದು ಹರಡುತ್ತಾ ಹೋದಂತೆ, ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಅದು ಎಲ್ಲ ಸದ್ದಿಗೂ ಇರುವ ನಿಯಮ. ಅಲ್ಟ್ರಾಸಾನಿಕ್‌ಗೆ ಇನ್ನೊಂದು ಹೊಡೆತವಿದೆ. ಗಾಳಿಯೇ ಅದನ್ನು ಹೀರಿಕೊಳ್ಳುತ್ತದೆ. 20 ಕಿಲೋಹರ್ಟ್ಜ್‌ನಲ್ಲಿ ಮೀಟರಿಗೆ ಸುಮಾರು ಅರ್ಧ ಡೆಸಿಬೆಲ್ ಹೋದರೆ, 40ರಲ್ಲಿ ಒಂದಕ್ಕಿಂತ ಹೆಚ್ಚು ಹೋಗುತ್ತದೆ. ಗಾಳಿಯ ತೇವ, ಬಿಸಿ ಎಷ್ಟಿದೆ ಅನ್ನುವುದರ ಮೇಲೆ ಇದು ಬದಲಾಗುತ್ತದೆ. ಒಂದು ಮೀಟರಿನಲ್ಲಿ 110 ಇದ್ದ 25 ಕಿಲೋಹರ್ಟ್ಜ್ ಸದ್ದು ಹತ್ತು ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಹರಡಿ 20 ಕಳೆದುಕೊಳ್ಳುತ್ತದೆ, ಗಾಳಿಗೆ ಇನ್ನೊಂದು ಆರೇಳು ಕಳೆದುಕೊಳ್ಳುತ್ತದೆ. ಉಳಿಯುವುದು 83ರ ಆಸುಪಾಸು. ನಾಯಿಯ ಕಿವಿಗೆ ಅದು ಈಗಲೂ ಜೋರೇ. ನಿವೇಶನದ ಗಡಿ ಅಲ್ಲಿಗೆ ಮುಗಿದಿರುತ್ತದೆ, ಸದ್ದು ಮುಗಿದಿರುವುದಿಲ್ಲ.

ಇನ್ನು ದಿಕ್ಕು. 20 ಕಿಲೋಹರ್ಟ್ಜ್ ಸದ್ದಿನ ಒಂದು ಅಲೆ 1.7 ಸೆಂಟಿಮೀಟರ್ ಉದ್ದ. ಇಷ್ಟು ಚಿಕ್ಕ ಅಲೆ ಮೂಲೆ ತಿರುಗಿ ಹೋಗುವುದಿಲ್ಲ. ಟಾರ್ಚ್ ಬೆಳಕಿನ ಹಾಗೆ ಮುಖ ಮಾಡಿದ ಕಡೆಗೇ ನೇರ ಹೋಗುತ್ತದೆ, ಅಡ್ಡ ಬಂದದ್ದರ ಹಿಂದೆ ನೆರಳು ಬೀಳುತ್ತದೆ, ಗಟ್ಟಿ ಗೋಡೆಗೆ ಬಡಿದರೆ ವಾಪಸು ಚಿಮ್ಮುತ್ತದೆ. ದಟ್ಟ ಗಿಡ, ದಪ್ಪ ಪರದೆ ಅದನ್ನು ಸಾಕಷ್ಟು ತಡೆಯುತ್ತವೆ. ಮುಚ್ಚಿದ ಗಾಜಿನ ಕಿಟಕಿ ಇನ್ನೂ ಚೆನ್ನಾಗಿ ತಡೆಯುತ್ತದೆ. ತೆರೆದ ಕಿಟಕಿ ತಡೆಯುವುದಿಲ್ಲ. ನಿಮ್ಮ ಅಂಗಳದಲ್ಲಿ ಒಂದು ಕಡೆ ಮಗಳಿಗೆ ಜೋರಾಗಿ ಕೇಳಿಸಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಏನೂ ಕೇಳಿಸದಿದ್ದರೆ ಅದಕ್ಕೆ ಇದೇ ಕಾರಣ. "ಒಮ್ಮೆ ಇದೆ ಅಂತೀಯ, ಒಮ್ಮೆ ಇಲ್ಲ ಅಂತೀಯ" ಅಂತ ಅವಳನ್ನು ಗದರಬೇಡಿ.

ನಾಯಿಯ ವಿಷಯ. ನಾಯಿಗೆ ಸುಮಾರು 45 ಕಿಲೋಹರ್ಟ್ಜ್‌ವರೆಗೆ ಕೇಳಿಸುತ್ತದೆ, ಬೆಕ್ಕಿಗೆ 80 ದಾಟಿಯೂ ಕೇಳಿಸುತ್ತದೆ. ಇದನ್ನು ಮೊದಲು ಕುತೂಹಲದಿಂದ ಬೆನ್ನು ಹತ್ತಿದವರಲ್ಲಿ ಬ್ರಿಟನ್ನಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಬ್ಬರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಅವರು ಕೀರಲು ಸದ್ದಿನ ಚಿಕ್ಕ ಸೀಟಿಯೊಂದನ್ನು ಊರುಗೋಲಿನ ತುದಿಗೆ ಸಿಕ್ಕಿಸಿ, ಮೃಗಾಲಯದಲ್ಲೂ ಬೀದಿಯಲ್ಲೂ ಓಡಾಡುತ್ತಾ ಯಾವ ಪ್ರಾಣಿ ಕಿವಿ ನಿಮಿರಿಸುತ್ತದೆ ಅಂತ ನೋಡುತ್ತಿದ್ದರು. ಎಲ್ಲಕ್ಕಿಂತ ಚುರುಕು ಅಂತ ಅವರಿಗೆ ಕಂಡಿದ್ದು ಬೆಕ್ಕು. ಬೆಕ್ಕಿನ ಕಿವಿ ತುಂಬಾ ಚುರುಕು ಅನ್ನುವುದನ್ನು ಇಂದಿನ ಅಳತೆಗಳೂ ಒಪ್ಪುತ್ತವೆ.

ನಿಮ್ಮ ನಾಯಿಗೆ ಆ ಸದ್ದು ಯಾಕೆ ಬರುತ್ತಿದೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಜಾಗ ಮಾತ್ರ. ಹಾಗಾಗಿ ಆ ಜಾಗವನ್ನೇ ಬಿಟ್ಟಿದೆ. ಒಂದು ರೀತಿಯಲ್ಲಿ ಅದು ಅದೃಷ್ಟವಂತ ನಾಯಿ. ಬಿಟ್ಟುಹೋಗಲು ಇನ್ನೊಂದು ಕಡೆ ಅಂಗಳವಿದೆ. ಕಟ್ಟಿಹಾಕಿದ ನಾಯಿ, ಗೂಡಿನಲ್ಲಿರುವ ಮೊಲ, ಪಂಜರದ ಗಿನಿಪಿಗ್, ಕಿಟಕಿ ಪಕ್ಕ ಮಲಗಿದ ಮಗು ಎದ್ದು ಹೋಗಲಾರವು. ಈ ಉಪಕರಣಗಳ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಯಾರನ್ನು ಓಡಿಸಬೇಕೋ ಅವರು ನಾಲ್ಕು ದಿನದಲ್ಲಿ ಬೇರೆ ದಾರಿ ಹಿಡಿಯುತ್ತಾರೆ ಅಥವಾ ಒಗ್ಗಿಕೊಳ್ಳುತ್ತಾರೆ. ಓಡಲಾಗದವರು ದಿನವಿಡೀ ಕೇಳಿಸಿಕೊಳ್ಳುತ್ತಾರೆ.

ಸದ್ಯಕ್ಕೆ ನಾಯಿಯನ್ನು ಆ ಕಡೆ ಎಳೆದುಕೊಂಡು ಹೋಗಬೇಡಿ. ಸದ್ದು ನಿಂತ ಮೇಲೂ ಅದರ ಹೆದರಿಕೆ ತಕ್ಷಣ ಹೋಗುವುದಿಲ್ಲ. ಅಂಚಿನಿಂದ ಶುರುಮಾಡಿ, ಅದಕ್ಕೆ ಇಷ್ಟದ ತಿಂಡಿ ಕೊಡುತ್ತಾ, ಅದೇ ಮುಂದೆ ಬಂದಷ್ಟು ಬರಲಿ. ತುಟಿ ನೆಕ್ಕುವುದು, ಬಾಲ ಒಳಗೆ ಮಡಚುವುದು, ನಡುಗುವುದು ಕಂಡರೆ ಅಲ್ಲಿಗೆ ನಿಲ್ಲಿಸಿ. ಮನೆಯೊಳಗೂ ತಲೆ ಕೊಡವುತ್ತಾ, ಕಿವಿ ಕೆರೆದುಕೊಳ್ಳುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಕಿವಿಯ ಸೋಂಕನ್ನು ಪಕ್ಕದ ಮನೆಯವರ ತಲೆಗೆ ಕಟ್ಟುವುದು ಬೇಡ.

ಹಾನಿ ಇದೆಯಾ ಅಂತ ಕೇಳಿದ್ದೀರಿ. ಇಲ್ಲಿ ಎರಡನ್ನು ಬೇರೆ ಮಾಡಿ ನೋಡಬೇಕು: ಕೇಳಿಸುವ ಸದ್ದು, ಕೇಳಿಸದ ಸದ್ದು. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಿಮೊಥಿ ಲೇಟನ್ 2016ರಲ್ಲಿ, ಸಾರ್ವಜನಿಕ ಜಾಗಗಳಲ್ಲಿ ಜನರಿಗೆ ಗೊತ್ತಿಲ್ಲದೆಯೇ ಇಂಥ ಸದ್ದು ಹೆಚ್ಚುತ್ತಿದೆ ಎಂದು ಬರೆದು ಗಮನ ಸೆಳೆದರು. ತಲೆನೋವು, ವಾಕರಿಕೆ, ಕಿವಿಯಲ್ಲಿ ಒತ್ತಡ, ಗುಂಯ್‌ಗುಡುವಿಕೆ ಜನ ಹೇಳಿಕೊಂಡ ತೊಂದರೆಗಳು. ಅದೇ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಯೋಗ ಮಾಡಿ ನೋಡಿತು. ಕೇಳಿಸುವಷ್ಟು ಕೀರಲು ಸದ್ದು ಕಿರಿಕಿರಿಯನ್ನೂ, ಗಮನ ಕೊಡಲಾಗದ ತೊಂದರೆಯನ್ನೂ ತಂದಿತು. ಕೇಳಿಸದ ಮಟ್ಟದ 20 ಕಿಲೋಹರ್ಟ್ಜ್ ಸದ್ದಿನಿಂದ, ಯಾವಾಗ ಹಾಕಿದ್ದಾರೆ ಅಂತ ಯಾರಿಗೂ ಹೇಳದೆ ಮಾಡಿದ ಪರೀಕ್ಷೆಯಲ್ಲಿ, ಗಂಭೀರ ತೊಂದರೆ ಕಾಣಲಿಲ್ಲ. ಆ ಪ್ರಯೋಗದಲ್ಲಿ ಬಳಸಿದ್ದು ಸುರಕ್ಷಿತ ಎನಿಸುವಷ್ಟು ಕಡಿಮೆ ಮಟ್ಟ, ಕಡಿಮೆ ಹೊತ್ತು ಅನ್ನುವುದನ್ನೂ ನೆನಪಿಡಬೇಕು.

ಮಿತಿಗಳ ವಿಷಯಕ್ಕೆ ಬಂದರೆ, ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಸಂಘ 1984ರಲ್ಲಿ ಒಂದು ಮಧ್ಯಂತರ ಸೂಚನೆ ಕೊಟ್ಟಿತ್ತು. ಜನಸಾಮಾನ್ಯರಿಗೆ 20 ಕಿಲೋಹರ್ಟ್ಜ್ ಆಸುಪಾಸಿನ ಸದ್ದಿಗೆ 70 ಡೆಸಿಬೆಲ್, 25 ಮತ್ತು ಅದಕ್ಕಿಂತ ಮೇಲೆ 100 ಡೆಸಿಬೆಲ್. ನಡುವೆ 30 ಡೆಸಿಬೆಲ್ ಅಂತರ ನೋಡಿ. ಗುಂಡಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದರೆ ಪಕ್ಕದವರ ಜಗಳವೇ ಎಷ್ಟೋ ತಣ್ಣಗಾಗುವುದು ಇದೇ ಕಾರಣಕ್ಕೆ.

ಮಗಳ ಕಿವಿ ಕೆಡುತ್ತದೆ ಅಂತ ಗಾಬರಿ ಬೀಳುವಂಥದ್ದು ನನಗೆ ಕಾಣುತ್ತಿಲ್ಲ. ಹತ್ತು ಮೀಟರಿನಷ್ಟು ದೂರದಲ್ಲಿ, ಬಿಟ್ಟು ಬಿಟ್ಟು ಬರುವ ಸದ್ದು ಅಂದುಕೊಂಡು ಹೇಳುತ್ತಿದ್ದೇನೆ. ಆದರೆ ಹಾನಿ ಅಂದರೆ ಕಿವುಡು ಮಾತ್ರವಲ್ಲ ಅಲ್ವಾ? ತನ್ನ ಮನೆಯ ಅಂಗಳದಲ್ಲಿ ಆಡಲಾಗದಿದ್ದರೆ, ಕೋಣೆಯಲ್ಲಿ ಕೂತು ಓದಲಾಗದಿದ್ದರೆ ಅದೂ ತೊಂದರೆಯೇ.

ಹಾಗಾದರೆ ಪಕ್ಕದವರಿಗೆ ಈ ಉಪಕರಣದಿಂದ ಉಪಯೋಗವಾದರೂ ಇದೆಯಾ? ಬೆಕ್ಕಿನ ಮಟ್ಟಿಗೆ ಸ್ವಲ್ಪ ಇದೆ, ಒಪ್ಪಬೇಕು. ಬ್ರಿಟನ್ನಿನಲ್ಲಿ ಹಕ್ಕಿಗಳ ರಕ್ಷಣೆಗಾಗಿ ಮಾಡಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅದರ ಎರಡು ಪ್ರಯೋಗಗಳಲ್ಲಿ ಒಂದರಲ್ಲಿ ತೋಟಕ್ಕೆ ಬೆಕ್ಕು ಬರುವುದು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು, ಇನ್ನೊಂದರಲ್ಲಿ ಬರುವುದು ಹಾಗೇ ಇದ್ದರೂ ಉಳಿಯುವ ಹೊತ್ತು ಕಡಿಮೆಯಾಯಿತು. ಆಸ್ಟ್ರೇಲಿಯಾದ 2018ರ ಅಧ್ಯಯನದಲ್ಲಿ ಬರುವುದು 46%, ಉಳಿಯುವ ಹೊತ್ತು 78% ಇಳಿಯಿತು. ಗಮನಿಸಿ, ಇವು ಪ್ರಾಣಿ ಹತ್ತಿರ ಬಂದಾಗ ಮಾತ್ರ ಶುರುವಾಗುವ ಸೆನ್ಸರ್ ಇದ್ದ ಉಪಕರಣಗಳು. ಸುಮ್ನೆ ದಿನವಿಡೀ ಕೂಗುವಂಥವಲ್ಲ. ಅಚಾನಕ್ಕಾಗಿ ಬಂದ ಸದ್ದಿಗೆ ಪ್ರಾಣಿ ಬೆಚ್ಚುತ್ತದೆ, ಸದಾ ಇರುವ ಸದ್ದಿಗೆ ಒಗ್ಗಿಕೊಳ್ಳುತ್ತದೆ. ಕಿವುಡು ಬೆಕ್ಕಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ನೀಲಿ ಕಣ್ಣಿನ ಬಿಳಿ ಬೆಕ್ಕುಗಳಲ್ಲಿ ಹುಟ್ಟು ಕಿವುಡು ಸಾಮಾನ್ಯ.

ಬೀದಿ ನಾಯಿಗಳ ಕಥೆ ಬೇರೆ. ಕಸದ ಬುಟ್ಟಿ ತೆರೆದಿದ್ದರೆ, ಯಾರಾದರೂ ದಿನಾ ಊಟ ಹಾಕುತ್ತಿದ್ದರೆ, ಹಸಿದ ನಾಯಿ ಆ ಸದ್ದನ್ನು ಸಹಿಸಿಕೊಂಡೇ ಬರುತ್ತದೆ. ಬೊಗಳಿದರೆ ಸದ್ದು ಮಾಡುವ ಇನ್ನೊಂದು ಬಗೆಯ ಪೆಟ್ಟಿಗೆಯೂ ಮಾರಾಟಕ್ಕಿದೆ. ಅದಂತೂ ನನಗೆ ಸುತರಾಂ ಇಷ್ಟವಿಲ್ಲ. ಒಂದು ನಾಯಿ ಬೊಗಳುತ್ತದೆ, ಸುತ್ತ ಸುಮ್ಮನಿದ್ದ ನಾಯಿಗಳಿಗೂ ಶಿಕ್ಷೆ. ಭಯಕ್ಕೆ ಬೊಗಳುವ ನಾಯಿಗಂತೂ ಭಯ ಇನ್ನೂ ಹೆಚ್ಚುತ್ತದೆ.

ಈಗ ನಿಮ್ಮ ಅಟ್ಟದ ಇಲಿ. ತರಬೇಡಿ. ಇಲಿಗೆ ಅಲ್ಟ್ರಾಸಾನಿಕ್ ಕೇಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಅವು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದೂ ಆ ಸದ್ದಿನಲ್ಲೇ. ಆದರೆ ಅಟ್ಟದಲ್ಲಿ ಪೆಟ್ಟಿಗೆ, ಹಲಗೆ, ಹಳೆ ಬಟ್ಟೆ ತುಂಬಿರುತ್ತವೆ. ಪ್ರತಿಯೊಂದರ ಹಿಂದೆಯೂ ಸದ್ದು ತಲುಪದ ಜಾಗ ಸಿಗುತ್ತದೆ. ಬೆಚ್ಚಗಿನ ಗೂಡು, ತಿನ್ನಲು ಕಾಳು ಇದ್ದರೆ ಕೆಲವು ದಿನಗಳಲ್ಲಿ ಇಲಿ ಒಗ್ಗಿಕೊಳ್ಳುತ್ತದೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿ ಇಂಥ ಉಪಕರಣಗಳ 60ಕ್ಕೂ ಹೆಚ್ಚು ತಯಾರಕರಿಗೂ ಮಾರಾಟಗಾರರಿಗೂ ಪತ್ರ ಬರೆದು, ವಿಜ್ಞಾನದ ಆಧಾರವಿಲ್ಲದೆ ದೊಡ್ಡ ಮಾತು ಹೇಳಬೇಡಿ ಎಂದು ಎಚ್ಚರಿಸಿತ್ತು. ಅದರ ಬದಲು ಅಟ್ಟಕ್ಕೆ ಬರುವ ತೂತುಗಳನ್ನು ಹುಡುಕಿ. 6 ಮಿಲಿಮೀಟರ್ ಸಂದಿ ಇದ್ದರೂ ಸುಂಡಿಲಿ ನುಸುಳುತ್ತದೆ. ಉಕ್ಕಿನ ನಾರು ತುರುಕಿ ಸಿಮೆಂಟ್ ಮಾಡಿ, ಒಳಗೆ ಉಳಿದವಕ್ಕೆ ಬೋನು ಇಡಿ. ಬೇಸರದ ಕೆಲಸವೇ, ಆದರೆ ಒಮ್ಮೆ ಮಾಡಿದರೆ ಮುಗಿಯಿತು.

ಸೊಳ್ಳೆ, ಹಾವು, ಪಾರಿವಾಳ ಅಂತ ಮಾರುವವುಗಳ ಬಗ್ಗೆಯೂ ಒಂದು ಮಾತು. ಹಾವಿಗೆ ಕೇಳಿಸುವುದು ಕೆಲವು ನೂರು ಹರ್ಟ್ಜ್‌ನ ತಗ್ಗಿನ ಸದ್ದು. ಪಾರಿವಾಳಕ್ಕೆ ನಮಗಿಂತ ಮೇಲಿನದು ಕೇಳಿಸುವುದೇ ಇಲ್ಲ. ಸೊಳ್ಳೆ ಓಡಿಸುವ ಎಲೆಕ್ಟ್ರಾನಿಕ್ ಉಪಕರಣಗಳ ಮೇಲೆ ನಡೆದ 10 ಕ್ಷೇತ್ರ ಅಧ್ಯಯನಗಳನ್ನು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಅಳೆದು ನೋಡುವ ಕಾಕ್ರೇನ್ ಸಂಸ್ಥೆ 2007ರಲ್ಲಿ ಪರಿಶೀಲಿಸಿತು. ಒಂದರಲ್ಲೂ ಸೊಳ್ಳೆ ಕಡಿಮೆಯಾಗಿರಲಿಲ್ಲ. ತಮಾಷೆಯೆಂದರೆ, ಅಲ್ಟ್ರಾಸಾನಿಕ್ ಸದ್ದು ನಿಜಕ್ಕೂ ಕಾಡುವುದು ಸೊಳ್ಳೆ ತಿನ್ನುವ ಬಾವಲಿಗಳನ್ನು. ಗಾಳಿಯಂತ್ರಗಳಿಗೆ ಬಾವಲಿ ಬಡಿಯದಂತೆ ದೂರವಿಡಲು ಇದೇ ಸದ್ದನ್ನು ಬಳಸುತ್ತಾರೆ.

ಕೊನೆಗೆ, ಪಕ್ಕದವರ ಹತ್ತಿರ ಏನು ಕೇಳಬೇಕು? "ತೆಗೆದುಹಾಕಿ" ಅಂತ ಶುರುಮಾಡಬೇಡಿ. ಅವರಿಗೂ ಒಂದು ತೊಂದರೆ ಇದ್ದೇ ಹಾಕಿಸಿದ್ದಾರೆ. ಫೋನಿನ ಚಿತ್ರ ತೋರಿಸಿ, ನಾಲ್ಕು ಬದಲಾವಣೆ ಕೇಳಿ. ಗುಂಡಿಯನ್ನು 25 ಕಿಲೋಹರ್ಟ್ಜ್‌ಗಿಂತ ಮೇಲಕ್ಕೆ ಇಡುವುದು. ಸೆನ್ಸರ್ ಇದ್ದರೆ ಅದರಿಂದ ಮಾತ್ರ ಶುರುವಾಗುವಂತೆ ಮಾಡುವುದು. ಉಪಕರಣವನ್ನು ಮೊಣಕಾಲೆತ್ತರಕ್ಕೆ ಇಳಿಸಿ, ನಿಮ್ಮ ಮನೆಯ ಕಡೆಗಲ್ಲ, ಅವರದೇ ಅಂಗಳದ ಒಳಕ್ಕೆ ಮುಖ ಮಾಡುವುದು. ಮಕ್ಕಳು ಹೊರಗೆ ಆಡುವ ಹೊತ್ತಿನಲ್ಲಿ ಆರಿಸುವುದು. 25ಕ್ಕೆ ಏರಿಸಿದರೆ ಮಗಳ ತೊಂದರೆ ಹೋಗುತ್ತದೆ, ನಾಯಿಯದು ಹೋಗುವುದಿಲ್ಲ. ನಾಯಿಗೆ ದಿಕ್ಕು ಬದಲಾಗಲೇಬೇಕು. ಪ್ರಾಣಿ ಬಂದಾಗ ನೀರು ಚಿಮ್ಮಿಸುವ ಸೆನ್ಸರ್ ಉಪಕರಣ ಸಿಗುತ್ತದೆ, ಬೇಕಾದರೆ ಅದನ್ನೂ ಸೂಚಿಸಿ. ಪಾತಿಯ ಮಣ್ಣು ಕೆದರುವ ಬೆಕ್ಕಿಗೆ ಮಣ್ಣಿನ ಮೇಲ್ಪದರದ ಕೆಳಗೆ ತಂತಿ ಬಲೆ ಹಾಸುವುದೂ ಒಳ್ಳೆಯ ಉಪಾಯ.

ಮಾತಿಗೆ ಬಗ್ಗದಿದ್ದರೆ ದೂರು ಕೊಡುವ ಪ್ರಶ್ನೆ ಬರುತ್ತದೆ. ನಿಯಮ ಒಂದೊಂದು ಕಡೆ ಒಂದೊಂದು ಥರ, ಆದರೆ ಅಳತೆಯ ಎಡವಟ್ಟು ಎಲ್ಲ ಕಡೆ ಒಂದೇ. ಶಬ್ದಮಾಲಿನ್ಯ ಅಳೆಯುವವರು ಸಾಮಾನ್ಯವಾಗಿ ಬಳಸುವುದು 'ಎ' ತೂಕದ ಡೆಸಿಬೆಲ್, ಅಂದರೆ ಮನುಷ್ಯರ ಕಿವಿಗೆ ಕಡಿಮೆ ಕೇಳಿಸುವ ಸದ್ದುಗಳಿಗೆ ಕಡಿಮೆ ಬೆಲೆ ಕೊಡುವ ಅಳತೆ. ಅದು 20 ಕಿಲೋಹರ್ಟ್ಜ್ ಸದ್ದಿನಿಂದ ಒಂಬತ್ತು ಡೆಸಿಬೆಲ್‌ಗಿಂತ ಹೆಚ್ಚು ಕಡಿತ ಮಾಡಿ ಲೆಕ್ಕ ಹಾಕುತ್ತದೆ. ಕಡಿಮೆ ದರ್ಜೆಯ ಮೀಟರುಗಳಂತೂ ಅಷ್ಟು ಮೇಲಿನ ಸದ್ದನ್ನು ಹಿಡಿಯಲೇಬೇಕು ಎಂಬ ಕಟ್ಟಳೆಯೇ ಇಲ್ಲ. ಅಧಿಕಾರಿ ಬಂದು ಮೀಟರ್ ಹಿಡಿದು "ಏನೂ ಇಲ್ಲ" ಅಂತ ಬರೆದುಕೊಂಡು ಹೋದರೆ ನಿಮ್ಮ ದೂರು ಅಲ್ಲಿಗೆ ಮುಚ್ಚಿದ ಹಾಗೆ. ಆದ್ದರಿಂದ ದೂರಿನಲ್ಲೇ ಬರೆಯಿರಿ: ತೂಕ ಹಾಕದ ಅಳತೆ ಬೇಕು, ಮೂರನೇ ಒಂದು ಆಕ್ಟೇವ್ ಪಟ್ಟಿಗಳಲ್ಲಿ (ಕಂಪನಾಂಕಗಳನ್ನು ಸಣ್ಣ ಸಣ್ಣ ಭಾಗ ಮಾಡಿ ಬೇರೆ ಬೇರೆಯಾಗಿ) ಬೇಕು, 12.5ರಿಂದ 40 ಕಿಲೋಹರ್ಟ್ಜ್‌ವರೆಗೆ ಹಿಡಿಯುವ ಮೈಕ್ ಬೇಕು. ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ನಿಂತಾಗ ಮಗಳಿಗೆ ಕೇಳಿಸಿತು ಅನ್ನುವ ಪಟ್ಟಿಯನ್ನೂ, ಫೋನಿನ ಚಿತ್ರಗಳನ್ನೂ ಇಟ್ಟು ಕೊಡಿ.